ಅಣ್ಣಂದಿರ ಪಾಪಕ್ಕೆ ದೇವರು ಹೊಣೆಯೇ?

ತಮ್ಮನನ್ನು ಮಾರಿದ ಬೆಲೆ 20 ಬೆಳ್ಳಿ ನಾಣ್ಯ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಕಥೆ ಇದು. ಯೋಸೇಫನಿಗೆ ಆಗ 17 ವರ್ಷ. ಅಪ್ಪ ಯಾಕೋಬನಿಗೆ ಇವನ ಮೇಲೆ ಪ್ರೀತಿ ಜಾಸ್ತಿ, ಅದನ್ನು ಮುಚ್ಚಿಡುವ ಜಾಣತನ ಕಮ್ಮಿ. ಇವನೊಬ್ಬನಿಗೇ ಚೆಂದದ ನಿಲುವಂಗಿ ಮಾಡಿಸಿಕೊಟ್ಟ. ಹುಡುಗನೂ ಸುಮ್ನಿರಲಿಲ್ಲ. ನೀವೆಲ್ಲ ನನಗೆ ಅಡ್ಡಬಿದ್ದ ಹಾಗೆ ಕನಸು ಬಿತ್ತು ಎಂದು ಅಣ್ಣಂದಿರ ಎದುರೇ ಹೇಳಿದ. ದೋತಾನ್ ಊರಿನ ಹತ್ತಿರ ಒಬ್ಬನೇ ಸಿಕ್ಕಾಗ ಅವರು ಅವನನ್ನು ನೀರಿಲ್ಲದ ಗುಂಡಿಗೆ ತಳ್ಳಿದರು. ಆಮೇಲೆ ಊಟಕ್ಕೆ ಕೂತರು. ಆದಿಕಾಂಡ ಈ ಊಟದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ.

ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಹೋಗುವ ವ್ಯಾಪಾರಿಗಳಿಗೆ ಅವನನ್ನು ಮಾರಿಬಿಟ್ಟರು. 22 ವರ್ಷ ಕಳೆಯಿತು. ಬರಗಾಲದಲ್ಲಿ ಧಾನ್ಯ ಕೊಳ್ಳಲು ಅಣ್ಣಂದಿರು ಐಗುಪ್ತಕ್ಕೆ ಬಂದರೆ, ಅಲ್ಲಿನ ಅರಸ ಫರೋಹನ ಕೆಳಗೆ ಇಡೀ ದೇಶ ನೋಡಿಕೊಳ್ಳುತ್ತಿದ್ದವನು ಇದೇ ಯೋಸೇಫ. ನನ್ನನ್ನು ಇಲ್ಲಿಗೆ ಕಳುಹಿಸಿದವರು ನೀವಲ್ಲ, ದೇವರು ಎಂದ. ಅಪ್ಪ ತೀರಿಕೊಂಡ ಮೇಲೆ ಇನ್ನೂ ಬಿಡಿಸಿ ಹೇಳಿದ: ನೀವು ಕೆಡುಕು ಬಗೆದಿರಿ, ದೇವರು ಅದರಲ್ಲೇ ಒಳಿತು ಬಗೆದ.

ಮಾತೇನೋ ದೊಡ್ಡದು. ಆದರೆ ಎಲ್ಲ ದೇವರ ಯೋಜನೆಯೇ ಆಗಿದ್ದರೆ ಅಣ್ಣಂದಿರ ತಪ್ಪೇನು? ಹೀಬ್ರೂ ಬೈಬಲಿನ ಓದುಗರನ್ನು ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕಾಡಿದ ಪ್ರಶ್ನೆ ಇದು.

ಗ್ರಂಥದೊಳಗೇ ಇಂಥ ಕಥೆ ಬೇರೆಯೂ ಇವೆ. ದಾವೀದನ ಮಂತ್ರಿ ಅಹೀತೋಫೆಲ ಅರಸನನ್ನು ಬಿಟ್ಟು, ದಂಗೆಯೆದ್ದ ಮಗ ಅಬ್ಷಾಲೋಮನ ಕಡೆ ಸೇರಿದ. ಅವನು ಕೊಟ್ಟ ಸಲಹೆ ಒಳ್ಳೆಯದೇ ಆಗಿತ್ತು. ಅಬ್ಷಾಲೋಮ ಮಾತ್ರ ದಾವೀದನ ಗುಟ್ಟಿನ ಮಿತ್ರ ಹೂಷೈ ಹೇಳಿದಂತೆ ಕುಣಿದ. ಅಬ್ಷಾಲೋಮನಿಗೆ ಕೇಡು ಬರಲೆಂದು ದೇವರೇ ಹೀಗೆ ಮಾಡಿದ ಎಂದು ಸಮುವೇಲನ ಎರಡನೇ ಪುಸ್ತಕ ಹೇಳುತ್ತದೆ. ಯೆಶಾಯ ಪ್ರವಾದಿ ಇನ್ನೂ ನೇರ. ದಂಡೆತ್ತಿ ಬರುವ ಅಶ್ಶೂರ ಸಾಮ್ರಾಜ್ಯ ದೇವರ ಸಿಟ್ಟಿನ ದೊಣ್ಣೆ ಎನ್ನುತ್ತಾನೆ, ಅದೇ ಅಧ್ಯಾಯದಲ್ಲಿ ಅಶ್ಶೂರದ ಅರಸನ ಸೊಕ್ಕಿಗೆ ಶಿಕ್ಷೆ ತಪ್ಪದು ಎಂದೂ ಹೇಳುತ್ತಾನೆ. ದೊಣ್ಣೆಯಾಗಿದ್ದೆ ಎನ್ನುವುದು ಅವನಿಗೆ ನೆಪವಾಗಲಿಲ್ಲ.

ಮೊದಲ ಶತಮಾನದ ಹೊತ್ತಿಗೆ ಯೆಹೂದ್ಯರ ಪಂಗಡಗಳೇ ಈ ವಿಷಯದಲ್ಲಿ ಬೇರೆ ಬೇರೆ ದಾರಿ ಹಿಡಿದಿದ್ದವು. ಇತಿಹಾಸಕಾರ ಜೋಸೆಫಸ್ ಬರೆದ ಪ್ರಕಾರ ಎಸ್ಸೀನರಿಗೆ ಎಲ್ಲವೂ ವಿಧಿ, ಸದ್ದುಕಾಯರಿಗೆ ವಿಧಿ ಅನ್ನುವುದೇ ಇಲ್ಲ, ಫರಿಸಾಯರು ನಡುವೆ. ಎರಡನೇ ಶತಮಾನದಲ್ಲಿ ರಬ್ಬಿ (ಯೆಹೂದ್ಯ ಧರ್ಮಗುರು) ಅಕಿವ ಹೇಳಿದ ಮಾತು ಈ ನಡುದಾರಿಯದೇ: ಎಲ್ಲವೂ ಮೊದಲೇ ಕಂಡಿದೆ, ಆದರೂ ಮನುಷ್ಯನಿಗೆ ಆಯ್ಕೆಯ ಸ್ವಾತಂತ್ರ್ಯ ಕೊಟ್ಟಿದೆ. ಒಗಟು ಬಿಡಿಸಲಿಲ್ಲ, ಎರಡು ತುದಿಯನ್ನೂ ಕೈಬಿಡಲಿಲ್ಲ, ಅಷ್ಟೇ.

ಯೆಹೂದ್ಯರ ಧರ್ಮಚರ್ಚೆಯ ಗ್ರಂಥ ತಾಲ್ಮುಡ್‌ನ ಪಂಡಿತರು ದೇವರನ್ನು ಬಿಟ್ಟು ಅಪ್ಪನನ್ನು ಹಿಡಿದುಕೊಂಡರು. ಎರಡು ನಾಣ್ಯ ತೂಕದ ಉಣ್ಣೆ ಒಬ್ಬ ಮಗನಿಗೆ ಜಾಸ್ತಿ ಕೊಟ್ಟಿದ್ದಕ್ಕೆ ನಮ್ಮ ಹಿರಿಯರು ಐಗುಪ್ತ ಸೇರಬೇಕಾಯಿತು, ಮಕ್ಕಳಲ್ಲಿ ಭೇದ ಮಾಡಬೇಡಿ ಎಂದರು. ನನಗೆ ಇದು ಬಹಳ ಇಷ್ಟ. ಲೋಕದ ದೊಡ್ಡ ಯೋಜನೆಯ ಮಧ್ಯೆ ಉಣ್ಣೆಯ ಲೆಕ್ಕ ಮರೆಯಲಿಲ್ಲ, ಅಲ್ವಾ!

12ನೇ ಶತಮಾನದಲ್ಲಿ ಯೆಹೂದ್ಯ ಪಂಡಿತ ಮೈಮೋನಿಡಿಸ್ ಇಂಥದೇ ತೊಡಕನ್ನು ಎತ್ತಿಕೊಂಡ. ಯಾಕೋಬನ ಅಜ್ಜ ಅಬ್ರಹಾಮನ ಸಂತತಿ ಪರದೇಶದಲ್ಲಿ ದಾಸರಾಗುತ್ತಾರೆ ಎಂದು ದೇವರು ಮೊದಲೇ ಹೇಳಿದ್ದ. ಹಾಗಿದ್ದ ಮೇಲೆ ಐಗುಪ್ತದವರಿಗೆ ಶಿಕ್ಷೆ ಯಾಕೆ? ಅವನ ಉತ್ತರ: ಇಂಥವನೇ ಹಿಂಸಿಸಬೇಕು ಎಂದು ಯಾರ ಹೆಸರನ್ನೂ ಬರೆದಿರಲಿಲ್ಲ, ಪ್ರತಿಯೊಬ್ಬನಿಗೂ ಹಿಂದೆ ಸರಿಯಲು ಆಗುತ್ತಿತ್ತು. ಉತ್ತರ ಚೊಕ್ಕಟ. ಆದರೆ ಯೋಸೇಫನ ಅಣ್ಣಂದಿರು ಹೆಸರಿಲ್ಲದ ದೊಡ್ಡ ಗುಂಪಲ್ಲ, ಒಂದೇ ಮನೆಯವರು. ಅಲ್ಲಿ ಈ ಲೆಕ್ಕ ಅಷ್ಟು ಸಲೀಸಾಗಿ ಕೂಡುವುದಿಲ್ಲ.

ಉತ್ತರ ಆದಿಕಾಂಡದಲ್ಲೇ ಇದೆ, ಯಾರು ಏನು ಮಾತಾಡುತ್ತಾರೆ ಎಂದು ಗಮನಿಸಿದರೆ ಸಾಕು. ದೇವರೇ ಕಳುಹಿಸಿದ ಎಂದು ಹೇಳುವವನು ಗುಂಡಿಗೆ ಬಿದ್ದವನು. ತಳ್ಳಿದವರು ಒಮ್ಮೆಯೂ ಹಾಗೆ ಹೇಳುವುದಿಲ್ಲ. ತಮ್ಮ ಅಂಗಲಾಚಿದರೂ ಕೇಳಲಿಲ್ಲ, ನಾವು ಅಪರಾಧಿಗಳು ಎನ್ನುತ್ತಾರೆ. ದೇವರು ನಮ್ಮ ತಪ್ಪನ್ನು ಹೊರಗೆಳೆದ ಎನ್ನುತ್ತಾನೆ ಅಣ್ಣಂದಿರಲ್ಲೊಬ್ಬನಾದ ಯೂದ. ತಮ್ಮನನ್ನು ಮಾರೋಣ ಎಂದವನು ಅವನೇ. ಕೊನೆಗೆ ಇನ್ನೊಬ್ಬ ತಮ್ಮ ಬೆನ್ಯಾಮೀನನ ಬದಲು ತಾನು ಗುಲಾಮನಾಗಲು ಮುಂದೆ ಬರುವವನೂ ಅವನೇ. ಇಷ್ಟಾದ ಮೇಲಷ್ಟೇ ಯೋಸೇಫ ತಾನು ಯಾರೆಂದು ಹೇಳುತ್ತಾನೆ. ಹೇಳುವಾಗಲೂ ಮೊದಲು ಬರುವುದು 'ನೀವು ಮಾರಿದ ಯೋಸೇಫ' ಎಂಬ ಮಾತು. ದೇವರ ಮಾತು ಆಮೇಲೆ.

ನೋವು ಉಂಡವರಿಗೆ ಎಲ್ಲ ಒಳ್ಳೆಯದಕ್ಕೇ ಎಂದು ಹೊರಗಿನವರು ಈ ಕಥೆ ಹೇಳುವಾಗ ಈ ವ್ಯತ್ಯಾಸ ಮರೆತುಹೋಗುತ್ತದೆ.

ಯೆಹೂದ್ಯ ಪರಂಪರೆ ಮಾತ್ರ ಆ ಮಾರಾಟವನ್ನು ಮರೆಯಲಿಲ್ಲ. ಕ್ರಿಸ್ತಪೂರ್ವ ಎರಡನೇ ಶತಮಾನದ ಜುಬಿಲಿಗಳ ಪುಸ್ತಕ, ಅಣ್ಣಂದಿರು ಯಾಕೋಬನಿಗೆ ಮಗ ಸತ್ತನೆಂದು ನಂಬಿಸಿ ಅಳಿಸಿದ ದಿನವೇ ವರ್ಷಕ್ಕೊಮ್ಮೆ ಪಾಪಕ್ಕೆ ಪ್ರಾಯಶ್ಚಿತ್ತ ಮಾಡುವ ದಿನವಾಯಿತು ಎನ್ನುತ್ತದೆ. ಅದೇ ಯೋಮ್ ಕಿಪ್ಪೂರ್. ಮಧ್ಯಯುಗದ ಒಂದು ಪ್ರಾರ್ಥನಾಗೀತೆಯಲ್ಲಿ ರೋಮಿನ ದೊರೆ ಹತ್ತು ರಬ್ಬಿಗಳನ್ನು ಕೇಳುತ್ತಾನೆ: ಮನುಷ್ಯನನ್ನು ಕದ್ದು ಮಾರಿದವನಿಗೆ ನಿಮ್ಮ ಧರ್ಮದಲ್ಲಿ ಏನು ಶಿಕ್ಷೆ? ಮರಣ ಎನ್ನುತ್ತಾರೆ. ಹಾಗಾದರೆ ನಿಮ್ಮ ಹಿರಿಯರ ಸಾಲ ನೀವೇ ತೀರಿಸಿ ಎಂದು ಹತ್ತು ಜನರನ್ನೂ ಕೊಲ್ಲಿಸುತ್ತಾನೆ. ಆ ಹತ್ತು ಮಂದಿ ಒಂದೇ ಕಾಲದವರಲ್ಲ, ಇತಿಹಾಸವೆಂದು ಓದಿದರೆ ಹೊಂದುವುದಿಲ್ಲ. ಆದರೂ ಎಷ್ಟೋ ಅಶ್ಕೆನಾಜಿ (ಯುರೋಪ್ ಮೂಲದ ಯೆಹೂದ್ಯರ) ಸಿನಗಾಗ್‌ಗಳಲ್ಲಿ, ಅಂದರೆ ಪ್ರಾರ್ಥನಾಮಂದಿರಗಳಲ್ಲಿ, ಅದನ್ನು ಇಂದಿಗೂ ಓದುತ್ತಾರೆ. ಓದುವುದು ಯೋಮ್ ಕಿಪ್ಪೂರ್ ದಿನವೇ.