ಹಂಟರ್‌ವಾಲಿ ನಾಡಿಯಾಗೆ ಡ್ಯೂಪ್ ಇದ್ದರಾ?

ಪ್ರಶ್ನೆ: ನಮ್ಮ ಅಜ್ಜಿ ಹುಡುಗಿಯಾಗಿದ್ದಾಗ ಸಾಗರದ ಜಾತ್ರೆ ಟೆಂಟಿನಲ್ಲಿ ಚಾಟಿ ಹಿಡಿದ ಬಿಳಿ ಹೆಂಗಸಿನ ಸಿನಿಮಾ ನೋಡಿದ್ದರಂತೆ. ಆಕೆ ಓಡುವ ರೈಲಿನ ಮೇಲೆ ಗಂಡಸರನ್ನು ಎತ್ತಿ ಎಸೆದಳಂತೆ. ಅದೆಲ್ಲ ನಿಜವಾ, ಇಲ್ಲ ಡ್ಯೂಪ್ ಹಾಕಿದ್ದರಾ?

ಉತ್ತರ: ನಿಜ. ನಿಮ್ಮ ಅಜ್ಜಿ ನೋಡಿದ್ದು 1930ರ ದಶಕದ ಹಿಂದಿ ಸ್ಟಂಟ್ ಚಿತ್ರಗಳ ನಾಯಕಿ ನಾಡಿಯಾ ಅವರನ್ನು. ರೈಲಿನ ಮೇಲಿದ್ದದ್ದು ಅವರೇ.

ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಕೇಳುವವರೆಲ್ಲ ಒಬ್ಬ ಅಜ್ಜಿಯನ್ನೋ ದೊಡ್ಡಮ್ಮನನ್ನೋ ಮುಂದಿಟ್ಟುಕೊಂಡೇ ಕೇಳುತ್ತಾರೆ. ಮಳೆ ಬಿಟ್ಟ ಮೇಲೆ ನಮ್ಮ ಮಲೆನಾಡಿನ ಊರುಗಳಿಗೆ ಟೆಂಟ್ ಸಿನಿಮಾ ಬರುತ್ತಿದ್ದ ಕಾಲ ಅದು. ಹಿಂದಿ ಒಂದಕ್ಷರ ಬರದಿದ್ದರೇನು, ಚಾಟಿ ಏಟು ಯಾರಿಗಾದರೂ ಅರ್ಥವಾಗುತ್ತದೆ, ಅಲ್ವಾ?

ಆಕೆಯ ನಿಜವಾದ ಹೆಸರು ಮೇರಿ ಆ್ಯನ್ ಇವಾನ್ಸ್. ಹುಟ್ಟಿದ್ದು 1908ರ ಜನವರಿ 8ರಂದು, ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ತಂದೆ ಬ್ರಿಟಿಷ್ ಸೈನ್ಯದಲ್ಲಿದ್ದವರು. ಹುಡುಗಿ ಚಿಕ್ಕವಳಿದ್ದಾಗಲೇ ಮನೆಯವರು ಬೊಂಬಾಯಿಗೆ ಬಂದರು. ಮೊದಲ ಮಹಾಯುದ್ಧದಲ್ಲಿ ತಂದೆ ತೀರಿಹೋದರು. ಆಮೇಲೆ ಕೆಲವು ವರ್ಷ ಪೇಶಾವರದ ಕಡೆ ಇದ್ದರು. ಕುದುರೆ ಸವಾರಿ, ಬೇಟೆ, ಬಂದೂಕು ಹೊಡೆಯುವುದು ಎಲ್ಲ ಕಲಿತದ್ದು ಅಲ್ಲೇ. ಬೊಂಬಾಯಿಗೆ ವಾಪಸ್ ಬಂದು ಅಂಗಡಿಯೊಂದರಲ್ಲಿ ಸೇಲ್ಸ್ ಕೆಲಸ ಮಾಡಿದರು, ಬ್ಯಾಲೆ ಕಲಿತರು, ಊರೂರು ಸುತ್ತುವ ನೃತ್ಯ ತಂಡ ಸೇರಿದರು, ಸರ್ಕಸ್ಸಿಗೂ ಹೋದರು. ಭವಿಷ್ಯ ಹೇಳುವವರೊಬ್ಬರು ‘ನ’ ಅಕ್ಷರದ ಹೆಸರಿಟ್ಟುಕೋ ಅಂದರಂತೆ. ಹಾಗೆ ನಾಡಿಯಾ ಆದರು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ‘ಎಂಥ ಧೈರ್ಯ’ ಅಂದು ಸುಮ್ಮನಾದರೆ ಅರ್ಧ ಉತ್ತರ ಆಯಿತು ಅಷ್ಟೇ.

ನಮ್ಮ ತೋಟಗಳಿಗೆ ಅಡಿಕೆ ಕೊಯ್ಯಲು ಬರುವ ಕೊನೆಗೌಡರನ್ನು ನೋಡಿ. ಕಾಲಿಗೆ ತಳೆ, ಅಂದರೆ ಹಗ್ಗದ ಬಳೆ, ಸಿಕ್ಕಿಸಿಕೊಂಡು ಮೊದಲ ಮರ ಹತ್ತುತ್ತಾರೆ. ಅಡಿಕೆ ಕೊನೆ ಕೊಯ್ದು ನೇಣಿನಲ್ಲಿ ಜಾರಿಸಿದ ಮೇಲೆ ಕೆಳಗೆ ಇಳಿಯುವ ಮಾತೇ ಇಲ್ಲ. ಮರವನ್ನು ತೂಗಿ ತೂಗಿ ಬಾಗಿಸಿ ಪಕ್ಕದ ಮರ ಹಿಡಿಯುತ್ತಾರೆ. ಒಂದು ಕೈ ಇಲ್ಲಿ, ಇನ್ನೊಂದು ಕೈ ಅಲ್ಲಿ, ಎರಡು ಮರದ ನಡುವೆ ಮೈ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಕೆಳಗೆ ನಿಂತ ನಮಗೆ ಎದೆ ಝಲ್ಲೆನ್ನುತ್ತದೆ. ಅವರು ಮೇಲಿಂದಲೇ ‘ಕವಳ (ಎಲೆ ಅಡಿಕೆ) ತಂದ್ರಾ?’ ಅಂತ ಕೇಳುತ್ತಾರೆ. ಅದು ಮೈಗೆ ಹತ್ತಿದ ಕೆಲಸ. ನಾಡಿಯಾ ಅವರದ್ದೂ ಹಾಗೇ. ಸಿನಿಮಾಕ್ಕೆ ಬರುವಷ್ಟರಲ್ಲಿ ಬೀಳುವುದು ಹೇಗೆ ಅಂತ ಮೈಗೆ ಗೊತ್ತಾಗಿತ್ತು.

ಅವರನ್ನು ಸಿನಿಮಾಕ್ಕೆ ತಂದದ್ದು ಸಿನಿಮಾ ಕಂಪನಿ ವಾಡಿಯಾ ಮೂವಿಟೋನ್‌ನ ಜೆ.ಬಿ.ಎಚ್. ವಾಡಿಯಾ ಮತ್ತು ಹೋಮಿ ವಾಡಿಯಾ, ಅಣ್ಣ ತಮ್ಮ. ಹೊಂಬಣ್ಣದ ಕೂದಲು, ನೀಲಿ ಕಣ್ಣು, ತಡವರಿಸುವ ಹಿಂದಿ. ಜನ ಒಪ್ಪುತ್ತಾರೋ ಇಲ್ಲವೋ ಅನ್ನುವ ಭಯ ಇದ್ದೇ ಇತ್ತು. ಕಪ್ಪು ಜಡೆಯ ವಿಗ್ ಹಾಕಿಕೊಂಡು ಹಿಂದೂ ಹೆಸರು ಇಟ್ಟುಕೊಳ್ಳಿ ಎಂಬ ಸಲಹೆ ಬಂತು. ನಾಡಿಯಾ ಆಗೋದಿಲ್ಲ ಅಂದರು. ಮೊದಲು ಸಣ್ಣ ಪಾತ್ರ ಕೊಟ್ಟು ನೋಡಿದರು. ಜನ ಒಪ್ಪಿದರು. 1935ರಲ್ಲಿ ‘ಹಂಟರ್‌ವಾಲಿ’ ಬಂತು. ಮುಖವಾಡ, ಚಾಟಿ, ಕುದುರೆ, ಅನ್ಯಾಯ ಮಾಡುವವರಿಗೆ ಒದೆ ಕೊಡುವ ರಾಜಕುಮಾರಿ. ಸಿನಿಮಾ ಭರ್ಜರಿಯಾಗಿ ಓಡಿತು. ಮರುವರ್ಷ ‘ಮಿಸ್ ಫ್ರಾಂಟಿಯರ್ ಮೇಲ್’. ರೈಲಿನ ಮಾಡಿನ ಮೇಲಿನ ಹೊಡೆದಾಟ ಇರುವುದು ಇದರಲ್ಲಿ.

ಡ್ಯೂಪ್ ಯಾಕೆ ಹಾಕಲಿಲ್ಲ ಅಂತೀರಾ? ಹಾಕಲು ಯಾರಿದ್ದರು ಹೇಳಿ! ಸ್ಟಂಟ್ ಮಾಡುವ ಹೆಂಗಸರು ಅನ್ನುವ ಒಂದು ಕಸುಬೇ ಆಗ ನಮ್ಮಲ್ಲಿ ಇರಲಿಲ್ಲ. ಗಂಡಸಿಗೆ ವೇಷ ಹಾಕಿಸಬಹುದಿತ್ತು, ಆದರೆ ಇವರ ಮೈಕಟ್ಟು ಯಾರಿಗೆ ಹೊಂದಬೇಕು? ಅದೂ ಅಲ್ಲದೆ, ಈ ಹೆಂಗಸು ತಾನೇ ಮಾಡುತ್ತಾಳೆ ಅನ್ನುವುದನ್ನು ನೋಡಲಿಕ್ಕೇ ಜನ ಟಿಕೆಟ್ ತೆಗೆಯುತ್ತಿದ್ದರು. ಹಾಗಂತ ತೆರೆ ಮೇಲೆ ಕಂಡದ್ದೆಲ್ಲ ಕಂಡ ಹಾಗೇ ನಡೆಯಿತು ಅಂತಲ್ಲ. ಆ ಕಾಲದ ಸ್ಟಂಟ್ ಚಿತ್ರಗಳಲ್ಲಿ ಕ್ಯಾಮೆರಾವನ್ನು ನಿಧಾನವಾಗಿ ಓಡಿಸಿ ಚಿತ್ರೀಕರಿಸುತ್ತಿದ್ದರು. ತೆರೆ ಮೇಲೆ ಹೊಡೆದಾಟ ದುಪ್ಪಟ್ಟು ಚುರುಕಾಗಿ ಕಾಣುತ್ತಿತ್ತು. ವೇಗ ಕ್ಯಾಮೆರಾದ್ದು, ಬಿದ್ದ ಪೆಟ್ಟು ಮಾತ್ರ ಅವರದ್ದೇ.

ಮುಂದಿನದು ಚುಟುಕಾಗಿ. ಸಿಂಹಗಳ ಜೊತೆಗೂ ನಟಿಸಿದರು. 1961ರಲ್ಲಿ ಹೋಮಿ ವಾಡಿಯಾ ಅವರನ್ನು ಮದುವೆಯಾದರು. 1996ರ ಜನವರಿ 9ರಂದು ತೀರಿಕೊಂಡರು, 88 ತುಂಬಿದ ಮರುದಿನ.

‘ಡ್ಯೂಪ್’ ವಿಷಯ ಬಂದಾಗ ನನಗೆ ಇನ್ನೊಬ್ಬರನ್ನು ಬಿಡಲು ಮನಸ್ಸಾಗುವುದಿಲ್ಲ. ಹಿಂದಿ ಚಿತ್ರರಂಗದ ಮೊದಲ ಸ್ಟಂಟ್ ಮಹಿಳೆಯರಲ್ಲಿ ಒಬ್ಬರಾದ ರೇಷ್ಮಾ ಪಠಾಣ್. ಮುಂಬೈಯ ಬಡ ಮನೆಯ ಹುಡುಗಿ, ಹದಿಹರೆಯದಲ್ಲೇ ಈ ಕೆಲಸಕ್ಕೆ ಬಂದವರು. 1975ರ ‘ಶೋಲೆ’ಯಲ್ಲಿ ಹೇಮಾಮಾಲಿನಿ ಅವರಿಗೆ ಡ್ಯೂಪ್ ಆಗಿದ್ದರು. ನಮ್ಮ ರಾಮನಗರದ ಬಂಡೆಗಳ ನಡುವೆ ಟಾಂಗಾ ಓಡಿದ್ದು ಎಲ್ಲರಿಗೂ ನೆನಪಿದೆ. ಆ ದೃಶ್ಯದ ಚಿತ್ರೀಕರಣದಲ್ಲಿ ಗಾಡಿ ಮಗುಚಿ ಪೆಟ್ಟು ತಿಂದದ್ದು ರೇಷ್ಮಾ. ನಾಡಿಯಾ ಬಿದ್ದರೆ ಪೋಸ್ಟರ್ ಮೇಲೆ ಅವರ ಹೆಸರೇ ಇರುತ್ತಿತ್ತು. ರೇಷ್ಮಾ ಅವರ ಹೆಸರು ಜನಕ್ಕೆ ಗೊತ್ತಾಗಲು ದಶಕಗಳೇ ಬೇಕಾದವು. ಇದು ನನಗೆ ಈಗಲೂ ಸರಿ ಕಾಣುವುದಿಲ್ಲ.

ಇನ್ನು ನಿಮ್ಮ ಅಜ್ಜಿಯ ವಿಷಯ. ಚಾಟಿ ಹೇಳಿದ್ದಾರೆ, ರೈಲೂ ಹೇಳಿದ್ದಾರೆ. ಹಾಗಿದ್ದರೆ ಅವರು ಒಂದಲ್ಲ, ಎರಡು ಸಿನಿಮಾ ನೋಡಿರಬೇಕು. ಮುಖಕ್ಕೆ ಕಪ್ಪು ಪಟ್ಟಿ ಇತ್ತಾ ಅಂತ ಒಮ್ಮೆ ಕೇಳಿ ನೋಡಿ. ಹೂಂ ಅಂದರೆ ಒಂದು ಹಂಟರ್‌ವಾಲಿಯೋ ಅದೇ ಬಗೆಯ ಇನ್ನೊಂದು ಸಿನಿಮಾವೋ ಇರಬೇಕು. ಎರಡು ಸಲ ಟೆಂಟಿಗೆ ಹೋಗಲು ಕಾಸು ಎಲ್ಲಿಂದ ಬಂತು ಅಂತಲೂ ಕೇಳಿ. ಅದನ್ನು ನನಗೂ ಬರೆಯಿರಿ.