ಚೀಫ್ ಅಂದರೆ ಯಾರ ಚೀಫ್?

ನಮ್ಮ ಮನೆಯ ಹಾಲ್‌ನಲ್ಲಿ ಒಂದು ಫೋಟೋ ಇದೆ. 1971ರ ಡಿಸೆಂಬರ್ 16, ಢಾಕಾ. ಪಾಕಿಸ್ತಾನದ ಜನರಲ್ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕುತ್ತಿದ್ದಾರೆ. ಪಕ್ಕದಲ್ಲಿ ಪೇಟ ಸುತ್ತಿದ ನಮ್ಮ ಅಧಿಕಾರಿ ಕೂತಿದ್ದಾರೆ. ಮನೆಗೆ ಬಂದ ನೆಂಟರಲ್ಲಿ ಒಬ್ಬರಾದರೂ ಅವರತ್ತ ಬೆರಳು ಮಾಡಿ, "ಇವರೇ ಅಲ್ವಾ ಮಾಣೆಕ್‌ಶಾ?" ಅಂತ ಕೇಳುತ್ತಾರೆ. ಅಲ್ಲ. ಅವರು ಲೆಫ್ಟಿನೆಂಟ್ ಜನರಲ್ ಜಗಜಿತ್ ಸಿಂಗ್ ಅರೋರಾ, ಆಗ ಪೂರ್ವ ಕಮಾಂಡ್‌ನ ಮುಖ್ಯಸ್ಥರು. ಸೇನೆಯ ಚೀಫ್ ಆಗಿದ್ದ ಮಾಣೆಕ್‌ಶಾ ಆ ಸಮಾರಂಭದಲ್ಲಿ ಇರಲೇ ಇಲ್ಲ.

"ಅಷ್ಟು ದೊಡ್ಡ ದಿನ, ಚೀಫೇ ಹೋಗಲಿಲ್ವಾ?" ಅನ್ನುವುದು ಮುಂದಿನ ಪ್ರಶ್ನೆ. ಪೂರ್ವದಲ್ಲಿ ಯುದ್ಧ ನಡೆಸಿದ್ದು ಪೂರ್ವ ಕಮಾಂಡ್, ಸಹಿಯೂ ಅದರ ಮುಖ್ಯಸ್ಥರದ್ದು. ಚೀಫ್ ಕೆಲಸ ಬೇರೆ, ಅದರ ಸುಳಿವು ಹುದ್ದೆಯ ಹೆಸರಿನಲ್ಲೇ ಇದೆ. ಚೀಫ್ ಆಫ್ ದಿ ಆರ್ಮಿ ಸ್ಟಾಫ್. ಚೀಫ್ ಅನ್ನುವುದನ್ನು ಓದುತ್ತೇವೆ, ಆರ್ಮಿ ಅನ್ನುವುದನ್ನೂ ಓದುತ್ತೇವೆ. ಕೊನೆಯ ಪದವನ್ನು ಮಾತ್ರ ನುಂಗಿಬಿಡುತ್ತೇವೆ. ನಮ್ಮ ಪತ್ರಿಕೆಗಳು ಬರೆಯುವ 'ಭೂಸೇನಾ ಮುಖ್ಯಸ್ಥ'ದಲ್ಲೂ ಅದಕ್ಕೆ ಜಾಗವಿಲ್ಲ. ಸ್ಟಾಫ್ ಅಂದರೆ ಸಿಬ್ಬಂದಿ ಅಂತ ಕನ್ನಡ ಮಾಡಿದರೆ ಗುಮಾಸ್ತರೇ ಕಣ್ಣ ಮುಂದೆ ಬರುತ್ತಾರೆ. ಸೇನೆಯಲ್ಲಿ ಅದರ ಅರ್ಥ ಬೇರೆ.

ನಾನು ಬ್ರಿಗೇಡ್ ಮೇಜರ್, ಅಂದರೆ ಬ್ರಿಗೇಡಿಯರ್‌ರ ಸ್ಟಾಫ್ ಅಧಿಕಾರಿ, ಆಗಿದ್ದಾಗ ಮೂರು ಬೆಟಾಲಿಯನ್‌ಗಳಿಗೆ ಹೋಗುವ ಆದೇಶಗಳನ್ನು ಬರೆಯುತ್ತಿದ್ದೆ. ಆ ಬೆಟಾಲಿಯನ್‌ಗಳ ಕರ್ನಲ್‌ಗಳೆಲ್ಲ ನನಗಿಂತ ಸೀನಿಯರ್. ಆದರೂ ನಾನು ಬರೆದದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಯಾಕೆಂದರೆ ಆ ಆದೇಶ ಬ್ರಿಗೇಡಿಯರ್‌ರದ್ದು. ಲೆಕ್ಕ ಹಾಕುವುದು, ನಕ್ಷೆ ನೋಡುವುದು, ಇರುವ ಎರಡು ಮೂರು ದಾರಿಗಳನ್ನು ಮುಂದಿಡುವುದು, ಅವರು ತೀರ್ಮಾನ ಮಾಡಿದ ಮೇಲೆ ಅದನ್ನು ಕೆಳಗೆ ತಲುಪಿಸುವುದು ನನ್ನ ಕೆಲಸ. ಒಮ್ಮೆ ಉತ್ಸಾಹದಲ್ಲಿ, ಕೇಳದೆಯೇ, ಬೆಟಾಲಿಯನ್‌ನ ಒಂದು ತುಕಡಿಯನ್ನು ಬೇರೆ ಕಡೆಗೆ ಕಳಿಸುವಂತೆ ಸಿಗ್ನಲ್ ಬರೆದುಬಿಟ್ಟೆ. ಸಂಜೆ ಬ್ರಿಗೇಡಿಯರ್ ಸಾಹೇಬರು ಕರೆದು ಹೇಳಿದ್ದು ಇಷ್ಟೇ: "ಪೆನ್ನು ನಿನ್ನದು, ಮಾತು ನನ್ನದು." ಸ್ಟಾಫ್ ಕೆಲಸ ಏನು ಅಂತ ನನಗೆ ಅರ್ಥವಾಗಿದ್ದು ಅವತ್ತು.

ಹಾಗಾದರೆ ಇಡೀ ಸೇನೆಯ ಸ್ಟಾಫ್‌ಗೆ ಚೀಫ್ ಆದವರ ಪೆನ್ನಿನ ಹಿಂದಿರುವ ಮಾತು ಯಾರದು?

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬ್ರಿಟಿಷರ ಕಾಲದಲ್ಲಿ ಕಮಾಂಡರ್ ಇನ್ ಚೀಫ್ ಅಂದರೆ ವೈಸರಾಯ್ ಬಿಟ್ಟರೆ ಅವರೇ. ಸ್ವಾತಂತ್ರ್ಯದ ನಂತರವೂ ಹೆಸರು ಹಾಗೇ ಉಳಿದಿತ್ತು. 1949ರ ಜನವರಿ 15ರಂದು ಜನರಲ್ ಬುಚರ್ ಅವರಿಂದ ಕೊಡಗಿನ ಕಾರ್ಯಪ್ಪ ಅಧಿಕಾರ ತೆಗೆದುಕೊಂಡರಲ್ಲ, ಆಗ ಅವರು ಕೂತಿದ್ದು ಕಮಾಂಡರ್ ಇನ್ ಚೀಫ್ ಕುರ್ಚಿಯಲ್ಲೇ. ಆದರೆ ಮರುವರ್ಷ ಬಂದ ಸಂವಿಧಾನ ಸೇನೆಗಳ ಪರಮೋಚ್ಚ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿತು. ಒಂದೇ ಮನೆಗೆ ಇಬ್ಬರು ಯಜಮಾನರು ಅನ್ನುವ ಹಾಗಾಯಿತು. 1955ರಲ್ಲಿ ಕಾನೂನು ಮಾಡಿ ಮೂರೂ ಪಡೆಗಳಲ್ಲಿ ಆ ಹೆಸರನ್ನೇ ತೆಗೆದುಹಾಕಿದರು. ರಾಜೇಂದ್ರಸಿಂಹಜಿ ಕೊನೆಯ ಕಮಾಂಡರ್ ಇನ್ ಚೀಫ್, ಅವರೇ ಮೊದಲ ಚೀಫ್ ಆಫ್ ದಿ ಆರ್ಮಿ ಸ್ಟಾಫ್. ನಾವು ಕಾರ್ಯಪ್ಪ, ತಿಮ್ಮಯ್ಯ ಅಂತ ಒಂದೇ ಉಸಿರಲ್ಲಿ ಹೇಳುತ್ತೇವೆ. ಆದರೆ 1957ರಲ್ಲಿ ತಿಮ್ಮಯ್ಯ ಬರುವ ಹೊತ್ತಿಗೆ ಬಾಗಿಲ ಮೇಲಿನ ಬೋರ್ಡ್ ಬದಲಾಗಿತ್ತು.

ಬೋರ್ಡ್ ಬದಲಾಯಿತು, ಕೆಲಸ ಪೂರ್ತಿ ಬದಲಾಗಲಿಲ್ಲ. ಅಮೆರಿಕದಲ್ಲಿ 1986ರ ಕಾನೂನಿನ ನಂತರ ಯುದ್ಧದ ಆದೇಶ ಅಧ್ಯಕ್ಷರು ಮತ್ತು ರಕ್ಷಣಾ ಕಾರ್ಯದರ್ಶಿಯಿಂದ ಕ್ಷೇತ್ರದ ಕಮಾಂಡರ್‌ಗಳಿಗೆ ಹೋಗುತ್ತದೆ. ಅಲ್ಲಿನ ಸೇನಾ ಚೀಫ್ ಆ ಸರಪಳಿಯಲ್ಲಿ ಇಲ್ಲ. ನಮ್ಮಲ್ಲಿ ಉಧಂಪುರದಿಂದ ಪುಣೆವರೆಗಿನ ಆರು ಕಮಾಂಡ್‌ಗಳು, ಶಿಮ್ಲಾದ ತರಬೇತಿ ಕಮಾಂಡ್, ಎಲ್ಲವೂ ಚೀಫ್‌ಗೇ ಉತ್ತರ ಕೊಡಬೇಕು. ಹೆಸರಿಗೆ ಸ್ಟಾಫ್, ಕೆಲಸದಲ್ಲಿ ಕಮಾಂಡರ್ ಕೂಡ. ಸರ್ಕಾರಕ್ಕೆ ಸಲಹೆ ಕೊಡುವಾಗ ಒಂದು ಟೋಪಿ, ಸೇನೆಗೆ ಆದೇಶ ಕೊಡುವಾಗ ಇನ್ನೊಂದು.

ಅಧಿಕಾರಕ್ಕೂ ವಿಚಿತ್ರ ಗಡಿಗಳಿವೆ. 1950ರ ಸೇನಾ ಕಾಯ್ದೆಯ 20ನೇ ಕಲಂ ಪ್ರಕಾರ ಚೀಫ್ ಒಬ್ಬ ಸಿಪಾಯಿಯನ್ನು ಸೇವೆಯಿಂದ ವಜಾ ಮಾಡಬಹುದು. ಆದರೆ ನಿನ್ನೆ ಮೊನ್ನೆ ಸೇರಿದ ಲೆಫ್ಟಿನೆಂಟ್ ಒಬ್ಬನನ್ನು ಆ ಕಲಂ ಹಿಡಿದು ಮನೆಗೆ ಕಳಿಸಲು ಆಗುವುದಿಲ್ಲ. ಅದು ಕೇಂದ್ರ ಸರ್ಕಾರದ ಕೈಯಲ್ಲಿದೆ. ನಾಲ್ಕು ಸ್ಟಾರ್ ಹಾಕಿದ ಕಾರಿನಲ್ಲಿ ಓಡಾಡುವವರ ಸ್ಥಿತಿ ಇದು. ಯುದ್ಧ ಮಾಡಬೇಕಾ ಬೇಡವಾ ಅನ್ನುವುದಂತೂ ಅವರ ಪ್ರಶ್ನೆಯೇ ಅಲ್ಲ. ಯಾವಾಗ, ಎಷ್ಟು ತಯಾರಿಯಲ್ಲಿ ಅನ್ನುವುದು ಅವರ ಪ್ರಶ್ನೆ. 1971ರ ಏಪ್ರಿಲ್‌ನಲ್ಲಿ ಇಂದಿರಾ ಗಾಂಧಿಯವರಿಗೆ ಈಗ ಬೇಡ ಅಂದೆ ಎಂದು ಮಾಣೆಕ್‌ಶಾ ಆಮೇಲೆ ಹೇಳಿಕೊಂಡಿದ್ದಾರೆ. ಮಳೆ ಶುರುವಾದರೆ ಪೂರ್ವ ಬಂಗಾಳದ ನದಿಗಳು ಸಮುದ್ರವಾಗುತ್ತವೆ, ಹಿಮಾಲಯದ ಕಣಿವೆದಾರಿಗಳು ತೆರೆದಿದ್ದರೆ ಚೀನಾದ ಭಯ ಬೇರೆ. ಈ ಕಥೆಗೆ ಎಷ್ಟು ಒಗ್ಗರಣೆ ಬಿದ್ದಿದೆ ಅಂತ ಇತಿಹಾಸಕಾರರು ವಾದ ಮಾಡುತ್ತಾರೆ, ಮಾಡಲಿ. ಯುದ್ಧ ನಡೆದದ್ದು ಮಾತ್ರ ಡಿಸೆಂಬರ್‌ನಲ್ಲಿ.

ಸಲಹೆ ಕೇಳದಿದ್ದರೆ? ಆಗ ಉಳಿಯುವುದು ರಾಜೀನಾಮೆ. ಅದು ಒಂದೇ ಗುಂಡಿನ ಬಂದೂಕು. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಹೊಂದಾಣಿಕೆಯಾಗದೆ ತಿಮ್ಮಯ್ಯ ರಾಜೀನಾಮೆ ಕೊಟ್ಟರು. ನೆಹರೂ ಮಾತಿಗೆ ಒಪ್ಪಿ ವಾಪಸ್ ಪಡೆದರು. ತಿಮ್ಮಯ್ಯನವರ ಮೇಲೆ ನನಗೆ ತುಂಬಾ ಗೌರವ. ಆದರೂ ಅನ್ನಿಸುತ್ತದೆ, ಕೊಡಬಾರದಿತ್ತು, ಕೊಟ್ಟ ಮೇಲೆ ಹಿಂದೆ ತೆಗೆದುಕೊಳ್ಳಬಾರದಿತ್ತು. ಆಮೇಲೆ ಸುಮಾರು ಎರಡು ವರ್ಷ ಅದೇ ಸಚಿವರ ಕೆಳಗೆ ಅದೇ ಕುರ್ಚಿಯಲ್ಲಿ ಕೂತದ್ದು ಸುಲಭವಾಗಿತ್ತಾ?

ಇವೆಲ್ಲ ಸುದ್ದಿಯಾಗುವ ಸಂಗತಿಗಳು. ಚೀಫ್ ಕಚೇರಿಯ ದಿನನಿತ್ಯದ ಕೆಲಸ ನೋಡಿದರೆ ಮದುವೆ ಮನೆಯ ಉಗ್ರಾಣ ನೆನಪಾಗುತ್ತದೆ. ಸುಮಾರು 12 ಲಕ್ಷ ಜನರ ಸಂಸಾರ. ಭರ್ತಿ, ಶಿಸ್ತು, ಪಿಂಚಣಿಯ ತಲೆನೋವು ಅಡ್ಜುಟಂಟ್ ಜನರಲ್‌ಗೆ. ಅಧಿಕಾರಿಗಳ ಪೋಸ್ಟಿಂಗ್, ಬಡ್ತಿ ಮಿಲಿಟರಿ ಸೆಕ್ರೆಟರಿಗೆ. ಊಟ, ಇಂಧನ, ಕ್ವಾರ್ಟರ್ಸ್ ಎಲ್ಲ ಕ್ವಾರ್ಟರ್ ಮಾಸ್ಟರ್ ಜನರಲ್‌ಗೆ. ಎಲ್ಲ ಬೀಗದ ಕೈಗಳ ಗೊಂಚಲು ಕೊನೆಗೆ ಚೀಫ್ ಸೊಂಟದಲ್ಲಿ.

ಲಡಾಖ್‌ನಲ್ಲಿ ಕ್ಯಾಪ್ಟನ್ ಆಗಿದ್ದಾಗ ನಮಗೆ ಚಳಿಗಾಲದ ದಾಸ್ತಾನು ಬೇಸಿಗೆಯಲ್ಲೇ ಬರುತ್ತಿತ್ತು. ಲಡಾಖ್‌ಗೆ ಹೋಗುವ ಜೋಜಿ ಲಾ ಕಣಿವೆದಾರಿ ಹಿಮ ಬಿದ್ದು ಮುಚ್ಚುವ ಮೊದಲು ಅಕ್ಕಿ, ಬೇಳೆ, ಸೀಮೆಎಣ್ಣೆ ಎಲ್ಲ ಮೇಲೆ ಹತ್ತಬೇಕು. ಒಂದು ವರ್ಷ ನಮ್ಮ ಪೋಸ್ಟಿಗೆ ಬಂದ ಸೀಮೆಎಣ್ಣೆಯ ಜೆರಿಕ್ಯಾನ್‌ಗಳಲ್ಲಿ ಕೆಲವು ಸೋರಿ ಅರ್ಧ ಖಾಲಿಯಾಗಿದ್ದವು. ದೆಹಲಿಯಲ್ಲಿ ಹೀಟರ್ ಮುಂದೆ ಕೂತವರಿಗೆ ಏನು ಗೊತ್ತು ಅಂತ ಬಾಯಿಗೆ ಬಂದಂತೆ ಬೈದೆ. ಹನ್ನೆರಡು ವರ್ಷಗಳ ನಂತರ ಆ ಹೀಟರ್ ಮುಂದೆ ನಾನೇ ಕೂತಿದ್ದೆ. ಎಷ್ಟು ಲಾರಿ, ಎಷ್ಟು ದಿನ, ಎಷ್ಟು ಸೋರಿಕೆ ಅಂತ ಹಾಳೆಗಟ್ಟಲೆ ಲೆಕ್ಕ. ಕ್ಯಾನ್‌ಗಳ ಮುಚ್ಚಳದ ಬಗ್ಗೆಯೇ ಒಂದು ಫೈಲ್ ಇತ್ತು, ನಂಬಿ.

ಈಗ ಈ ಹುದ್ದೆ ಮತ್ತೆ ಬದಲಾಗುವ ದಾರಿಯಲ್ಲಿದೆ. 2020ರ ಜನವರಿ 1ರಿಂದ ಮೂರೂ ಪಡೆಗಳಿಗೆ ಒಬ್ಬ ಚೀಫ್ ಆಫ್ ಡಿಫೆನ್ಸ್ ಸ್ಟಾಫ್ ಬಂದರು. ಮೊದಲಿಗರು ಬಿಪಿನ್ ರಾವತ್. ಅವರಿಗೂ ನಾಲ್ಕೇ ಸ್ಟಾರ್, ಅವರೂ ಸ್ಟಾಫ್ ಚೀಫೇ. ಥಿಯೇಟರ್ ಕಮಾಂಡ್ ಯೋಜನೆ ಪೂರ್ತಿ ಜಾರಿಯಾದರೆ ಭೂಸೇನೆ, ನೌಕಾಪಡೆ, ವಾಯುಪಡೆ ಮೂರನ್ನೂ ಒಂದು ಪ್ರದೇಶದಲ್ಲಿ ಒಬ್ಬನೇ ಕಮಾಂಡರ್ ನಡೆಸುತ್ತಾನೆ. ಆಗ ಸೇನಾ ಚೀಫ್ ಪಾಲಿಗೆ ಉಳಿಯುವುದು ಪಡೆ ಕಟ್ಟುವುದು, ತರಬೇತಿ, ಪೂರೈಕೆ. 1955ರಲ್ಲಿ ಇಟ್ಟ ಹೆಸರಿಗೆ ತಕ್ಕ ಕೆಲಸ. ನನ್ನ ಸೀನಿಯರ್‌ಗಳಲ್ಲಿ ಹಲವರಿಗೆ ಇದು ಇಷ್ಟವಿಲ್ಲ. ಕಮಾಂಡ್ ಇಲ್ಲದ ಚೀಫ್ ಎಂಥ ಚೀಫ್ ಅನ್ನುತ್ತಾರೆ.

ನಾನು ಅವರಿಗೆ ಜೆರಿಕ್ಯಾನ್ ಕಥೆ ಹೇಳುತ್ತೇನೆ. ಅವರು ನಕ್ಕು ಕಾಫಿ ಕುಡಿದು ಹೋಗುತ್ತಾರೆ, ಒಪ್ಪುವುದಿಲ್ಲ.