ತೊಡೆ ಸುಡುತ್ತಿದೆ, ಲಿನಕ್ಸ್ 27.8 ಡಿಗ್ರಿ ಅನ್ನುತ್ತಿದೆ!

ಪ್ರಶ್ನೆ: ಉಬುಂಟು ಹಾಕಿರೋ ಲ್ಯಾಪ್‌ಟಾಪ್ ಮುಟ್ಟಕ್ಕಾಗಲ್ಲ, ಫ್ಯಾನ್ ಒಂದೇ ಸಮನೆ ಕೂಗ್ತಿದೆ. ಎಲ್ಲೋ ಸಿಕ್ಕ ಒಂದು ಸಾಲಿನ ಕಮಾಂಡ್ ಅಂಟಿಸಿದ್ರೆ ಟರ್ಮಿನಲ್‌ನಲ್ಲಿ ಮಾತ್ರ 27800 ಅಂತ ಬರುತ್ತೆ, ಅಂದ್ರೆ 27.8 ಡಿಗ್ರಿ ತಾನೆ? ಯಾವುದನ್ನ ನಂಬಲಿ ಸಾರ್?

ಉತ್ತರ: ತೊಡೆಯನ್ನೇ ನಂಬಿ. ಸಾವಿರದಿಂದ ಭಾಗಿಸಿದ್ದು ಸರಿ, ಓದಿದ ಫೈಲೇ ತಪ್ಪು. ನೀವು ನಕಲು ಮಾಡಿ ಅಂಟಿಸಿದ ಆ ಒಂದು ಸಾಲಿನ ಕಮಾಂಡ್ ‘ಥರ್ಮಲ್ ಝೋನ್ 0’ ಎಂಬ ಫೋಲ್ಡರಿನ ಫೈಲನ್ನು ಓದುತ್ತದೆ. ಸೊನ್ನೆ ಅಂದಮೇಲೆ ಪ್ರೊಸೆಸರೇ ಇರಬೇಕು ಎಂಬ ನಂಬಿಕೆ ಎಷ್ಟು ಸಲ ಹೇಳಿದರೂ ಸಾಯುತ್ತಿಲ್ಲ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಅದು ನಿಜವೇ. ಅಲ್ಲಿ ಸರಿಯಾದದ್ದನ್ನು ತಂದು ಎಲ್ಲ ಲ್ಯಾಪ್‌ಟಾಪಿಗೂ ಅಂಟಿಸಿದ್ದೇ ಎಡವಟ್ಟು. ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಆ ಸೊನ್ನೆ ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲಿ ಯಾರು ಮೊದಲು ಹೆಸರು ಬರೆಸಿದರು ಎಂಬುದರ ಸಂಖ್ಯೆ ಅಷ್ಟೆ. ಎಷ್ಟೋ ಕಡೆ ಆ ಜಾಗದಲ್ಲಿ ಕೂತಿರುವುದು ‘ಎಸಿಪಿಐಟಿಝಡ್’. ಬೋರ್ಡ್ ತಯಾರಕರ ಫರ್ಮ್‌ವೇರ್ (ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ) ಏನು ಹೇಳುತ್ತದೋ ಅದನ್ನೇ ಇದು ಒಪ್ಪಿಸುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಅದರ ಹಿಂದೆ ಸೆನ್ಸರೇ ಇರುವುದಿಲ್ಲ, ಬರೆದಿಟ್ಟ ಒಂದು ಅಂಕಿ ಇರುತ್ತದೆ. 27.8 ಅಂಥ ಹಳೇ ಗಿರಾಕಿ.

ಅನುಮಾನವಿದ್ದರೆ ಅದೇ ಫೋಲ್ಡರಿನ ‘ಟೈಪ್’ ಫೈಲ್ ತೆರೆದು ನೋಡಿ. ‘ಎಕ್ಸ್86 ಪಿಕೆಜಿ ಟೆಂಪ್’ ಎಂದಿದ್ದರೆ ಅದು ಇಂಟೆಲ್ ಪ್ರೊಸೆಸರಿನದು. ಇಲ್ಲವೇ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳಾದ ಎಲ್ಲ ಕೋರ್‌ಗಳಿಗೂ ಎರಡು ನಿಮಿಷ ಕೆಲಸ ಕೊಡಿ. ಅಂಕಿ ಅಲ್ಲಾಡದಿದ್ದರೆ ಇನ್ನೇನು ಸಾಕ್ಷಿ ಬೇಕು?

ಮಾಡಬೇಕಾದ್ದು ಇಷ್ಟೆ: ಸೆನ್ಸರ್‌ಗಳನ್ನು ಓದುವ ‘ಎಲ್ಎಂ-ಸೆನ್ಸರ್ಸ್’ ತಂತ್ರಾಂಶ ಹಾಕಿಕೊಂಡು ‘ಸೆನ್ಸರ್ಸ್’ ಎಂದು ಟೈಪ್ ಮಾಡಿ. ಇಂಟೆಲ್ ಆದರೆ ‘ಕೋರ್‌ಟೆಂಪ್’ ಕೆಳಗಿನ ‘ಪ್ಯಾಕೇಜ್ ಐಡಿ 0’, ಎಎಂಡಿ ಆದರೆ ‘ಕೆ10ಟೆಂಪ್’ ಕೆಳಗಿನ ‘ಟಿಸಿಟಿಎಲ್’ ಸಾಲು ನೋಡಿ. ಹಳೆಯ ರೈಜನ್ 1700ಎಕ್ಸ್, 1800ಎಕ್ಸ್ ಇರುವವರಾದರೆ ಚಿಪ್ಪಿನ ನಿಜವಾದ ಬಿಸಿ ತೋರಿಸುವ ‘ಟಿಡೈ’ ನೋಡಬೇಕು. ಫ್ಯಾನ್ ಓಡಿಸಲೆಂದು ಅವುಗಳ ಟಿಸಿಟಿಎಲ್‌ಗೆ 20 ಡಿಗ್ರಿ ಸೇರಿಸಿಟ್ಟಿದ್ದಾರೆ. ಡೆಸ್ಕ್‌ಟಾಪ್‌ನಲ್ಲಿ 127 ಡಿಗ್ರಿಯೋ, ಸೊನ್ನೆಗಿಂತ ಕೆಳಗೋ ತೋರಿಸುವ ‘ಆಕ್ಸ್‌ಟಿನ್’ ಎಂಬ ಹೆಚ್ಚುವರಿ ಸೆನ್ಸರ್ ಸಾಲು ಕಂಡು ಹೌಹಾರಬೇಡಿ. ಬೋರ್ಡಿನಲ್ಲಿ ಅದರ ಪಿನ್‌ಗೆ ಸಾಮಾನ್ಯವಾಗಿ ಏನೂ ಜೋಡಿಸಿರುವುದಿಲ್ಲ.

ಸೆನ್ಸರ್ಸ್ ಓಡಿಸಿದ ಮೇಲೆ ಇನ್ನೊಂದು ಕಣ್ಣಿಗೆ ಬೀಳುತ್ತದೆ, ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ. ಇಂಟೆಲ್ 12ನೇ ಪೀಳಿಗೆಯಲ್ಲಿ ಕೋರ್ 0, 4, 8 ಎಂದು ಸಂಖ್ಯೆ ಹಾರಿಹಾರಿ ಬರುತ್ತದೆ. ನಡುವಿನವು ಕೆಟ್ಟಿಲ್ಲ, ಮೋಸವೂ ಆಗಿಲ್ಲ. ಪ್ರೊಸೆಸರ್ ತನ್ನ ಕೋರ್‌ಗಳಿಗೆ ಕೊಟ್ಟುಕೊಂಡ ಗುರುತಿನ ಸಂಖ್ಯೆಯನ್ನೇ ಲಿನಕ್ಸ್ ಹಾಗೇ ತೋರಿಸುತ್ತದೆ. ವಾರಂಟಿ ಹಿಡಿದುಕೊಂಡು ಅಂಗಡಿಗೆ ಓಡಬೇಡಿ.